ಡ್ಯಾನಿಶ್ ಯುವಜನರ ಮಾತಿನಲ್ಲಿ ಬೈಗುಳ: ಆಣೆ ಎಷ್ಟು, ನಿಂದನೆ ಎಷ್ಟು?

ಓರ್ಹುಸ್ ನಿವಾಸಿ, ಡೆನ್ಮಾರ್ಕ್ (ಚರ್ಚೆ ಆರಂಭಿಸಿದವರು)

ಡ್ಯಾನಿಶ್ ಭಾಷೆ ಅಷ್ಟಿಷ್ಟು ಅರ್ಥವಾಗತೊಡಗಿದ ಮೇಲೆ ಇಲ್ಲಿನ ಹದಿಹರೆಯದವರ ಮಾತನ್ನು ಬಸ್ಸಿನಲ್ಲೋ ಗ್ರಂಥಾಲಯದ ಕಟ್ಟೆಯ ಮೇಲೋ ಕೇಳಿಸಿಕೊಂಡ ಕನ್ನಡಿಗರಿಗೆ ಬಹುತೇಕ ಒಂದೇ ಬಗೆಯ ಗಾಬರಿ ಆಗುತ್ತದೆ. ಒಂದು ನಿಮಿಷದ ಹರಟೆಯಲ್ಲಿ ಸೈತಾನನ ಹೆಸರು, ನರಕದ ಹೆಸರು, ಮಲಮೂತ್ರದ ಹೆಸರು ಮತ್ತು ಇಂಗ್ಲಿಷಿನ 'ಫಕ್' ಇವೆಲ್ಲವೂ ಬಂದು ಹೋಗಿರುತ್ತವೆ. ಆದರೆ ಮಾತನಾಡುತ್ತಿರುವವರಲ್ಲಿ ಯಾರೂ ಯಾರ ಮೇಲೂ ಸಿಟ್ಟಾಗಿರುವುದಿಲ್ಲ. ಇಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮ್ಮವರ ನಡುವೆ ಈ ವಿಷಯ ಪದೇ ಪದೇ ಬರುತ್ತದೆ, ಮತ್ತು ಪ್ರತಿ ಬಾರಿಯೂ 'ಈ ದೇಶದ ಮಕ್ಕಳಿಗೆ ಸಂಸ್ಕಾರವಿಲ್ಲ' ಎಂಬ ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆ ತೀರ್ಮಾನ ತಪ್ಪು ಎಂದು ನನಗೆ ದೃಢವಾಗಿ ಅನ್ನಿಸಿರುವುದರಿಂದ, ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಡ್ಯಾನಿಶ್ ಭಾಷೆಯ ಹಳೆಯ ಬೈಗುಳಗಳ ದೊಡ್ಡ ಪಾಲು ಧರ್ಮಕ್ಕೆ ಸೇರಿದ್ದು. 'ಫ್ಯಾನೆನ್' ಎಂದರೆ ಸೈತಾನ, 'ಹೆಲ್ವೆದೆ' ಎಂದರೆ ನರಕ. ದಿನಕ್ಕೆ ಎಷ್ಟು ಬಾರಿ ಬಳಕೆಯಾಗುತ್ತದೆಂದು ಹೇಳಲಾಗದಷ್ಟು ಸಾಮಾನ್ಯವಾದ 'ಸ್ಗು' ಎಂಬ ಪುಟ್ಟ ಪದ ಹುಟ್ಟಿದ್ದು 'ದೇವರು ನನಗೆ ನೆರವಾಗಲಿ, ಇದು ಅಷ್ಟೇ ಸತ್ಯ' ಎಂಬ ಉದ್ದನೆಯ ಪ್ರಮಾಣವಚನದಿಂದ. ಅದರಲ್ಲಿ 'ಸೊ' ಮತ್ತು 'ಗುದ್', ಅಂದರೆ 'ಹಾಗೆ' ಮತ್ತು 'ದೇವರು' ಎಂಬ ಎರಡು ಪದಗಳು ಸವೆದು ಒಂದಾಗಿವೆ. 'ಫ್ಯಾನಮೆ' ಎಂಬುದು 'ನಾನು ಹೇಳಿದ್ದು ಸುಳ್ಳಾದರೆ ಸೈತಾನ ನನ್ನನ್ನು ತಿನ್ನಲಿ' ಎಂಬ ಮಾತಿನ ಉಳಿಕೆ. 'ಸಾತಮೆ' ಕೂಡ ಅದೇ ಜಾತಿಯದು. ಇವುಗಳ ಕೊನೆಯಲ್ಲಿರುವ 'ಮೆ' ಎಂದರೆ 'ನನ್ನನ್ನು'. ಅಂದರೆ ಶಾಪ ತಟ್ಟಬೇಕಾದದ್ದು ಕೇಳುವವನಿಗಲ್ಲ, ಹೇಳುವವನಿಗೆ.

ಡ್ಯಾನಿಶ್ ಭಾಷೆಯನ್ನು ಅಧ್ಯಯನ ಮಾಡುವವರು ಇದೇ ಕಾರಣಕ್ಕೆ ಎರಡು ವರ್ಗಗಳನ್ನು ಬೇರೆಬೇರೆಯಾಗಿಯೇ ಇಡುತ್ತಾರೆ. ಆಣೆಯಿಂದ ಹುಟ್ಟಿ ಮಾತಿಗೆ ಒತ್ತು ಕೊಡುವ ಪದಗಳು ಒಂದು ಕಡೆ, ಇನ್ನೊಬ್ಬರನ್ನು ಹೀಯಾಳಿಸುವ ನಿಂದೆಯ ಪದಗಳು ಮತ್ತೊಂದು ಕಡೆ. ಯುವಜನರ ಬಾಯಲ್ಲಿ ನಾವು ಕೇಳಿ ಬೆಚ್ಚುವುದು ಬಹುಪಾಲು ಮೊದಲ ವರ್ಗವನ್ನೇ. ನಮ್ಮ ಊರುಗಳ ಬೈಗುಳಗಳಲ್ಲಿ ಎದುರಾಳಿಯ ತಾಯಿ, ಜಾತಿ, ಹುಟ್ಟು ಇವೇ ಮುಖ್ಯ ಗುರಿಯಾದ್ದರಿಂದ, ಬೈಗುಳ ಎಂದ ಕೂಡಲೇ ಜಗಳ ಎಂದು ನಮ್ಮ ಕಿವಿ ಅರ್ಥ ಮಾಡಿಕೊಳ್ಳುತ್ತದೆ. ಆ ಕಿವಿಯನ್ನಿಟ್ಟುಕೊಂಡು ಇಲ್ಲಿನ ಮಕ್ಕಳಿಗೆ ತೀರ್ಪು ಕೊಡುವುದು ನ್ಯಾಯವಲ್ಲ ಎಂಬುದು ನನ್ನ ವಾದ.

ಭಾಷಾವಿಜ್ಞಾನದ ವಿದ್ಯಾರ್ಥಿನಿ

ಓರ್ಹುಸ್ ಅವರ ಮಾತಿಗೆ ವ್ಯಾಕರಣದ ಕಡೆಯಿಂದ ಒಂದಿಷ್ಟು ಸೇರಿಸುತ್ತೇನೆ, ಏಕೆಂದರೆ ಈ ಪದಗಳು ವಾಕ್ಯದಲ್ಲಿ ಎಲ್ಲಿ ಕೂರುತ್ತವೆ ಎಂಬುದನ್ನು ನೋಡಿದರೆ ಅವು ಏನು ಕೆಲಸ ಮಾಡುತ್ತವೆ ಎಂಬುದು ಸ್ಪಷ್ಟವಾಗುತ್ತದೆ.

'ಸ್ಗು' ಎಂಬುದನ್ನು ಡ್ಯಾನಿಶ್ ವಾಕ್ಯದ ಮೊದಲಲ್ಲಿ ಇಡಲು ಬರುವುದಿಲ್ಲ. ಅದು ಕ್ರಿಯಾಪದದ ನಂತರ, 'ಅಲ್ಲ', 'ಬಹುಶಃ', 'ಅಲ್ಲವೇ' ಎಂಬಂಥ ಅರ್ಥ ಕೊಡುವ ಅವ್ಯಯಗಳ ಸಾಲಿನಲ್ಲಿ ಕೂರುತ್ತದೆ. 'ದೆ ವೆ ಯಾಯ್ ಸ್ಗು ಎಗ' ಎಂದರೆ 'ಅದು ನನಗೆ ನಿಜವಾಗಿಯೂ ಗೊತ್ತಿಲ್ಲ' ಎಂದಷ್ಟೇ. ಇಲ್ಲಿ 'ಸ್ಗು' ಇರುವುದರಿಂದ ಉತ್ತರ ಒರಟಾಗುವುದಿಲ್ಲ, ಬದಲಿಗೆ ಮೃದುವಾಗುತ್ತದೆ. ಅದನ್ನು ತೆಗೆದುಬಿಟ್ಟು ಬರೀ 'ಅದು ನನಗೆ ಗೊತ್ತಿಲ್ಲ' ಎಂದರೆ ಮುಖ ತಿರುಗಿಸಿಕೊಂಡಂತೆ ಕೇಳಿಸುವ ಸಂದರ್ಭಗಳೂ ಇವೆ. ಗೆಳತಿ ತಂದ ಕೇಕನ್ನು ತಿಂದು 'ಇದು ಸ್ಗು ಚೆನ್ನಾಗಿದೆ' ಎಂದು ಹುಡುಗಿಯೊಬ್ಬಳು ಹೇಳಿದರೆ, ಬಾಯುಪಚಾರಕ್ಕೆ ಹೇಳಿದ್ದಲ್ಲ, ಮನಸ್ಸಾರೆ ಹೇಳಿದ್ದು ಎಂಬ ಭರವಸೆಯನ್ನು ಆ ಒಂದಕ್ಷರ ಕೊಡುತ್ತದೆ. ದೇವರ ಮೇಲಿನ ಪ್ರಮಾಣ ಎಂಬ ನೆನಪು ಯಾರಲ್ಲಿಯೂ ಉಳಿದಿಲ್ಲ, ಆದರೆ ಪ್ರಮಾಣದ ಕೆಲಸ ಮಾತ್ರ ಇನ್ನೂ ನಡೆಯುತ್ತಿದೆ.

ಇನ್ನು ಇಂಗ್ಲಿಷಿನಿಂದ ಬಂದ 'ಫಕ್' ಪದದ ವಿಷಯ. ಯುವಜನರು ತಮ್ಮ ಭಾಷೆಯನ್ನು ಬಿಟ್ಟು ಇಂಗ್ಲಿಷಿನಲ್ಲಿ ಬೈಯಲು ಕಲಿತಿದ್ದಾರೆ ಎಂಬ ದೂರು ಡೆನ್ಮಾರ್ಕಿನಲ್ಲಿಯೂ ಬಹಳ ಕೇಳಿಬರುತ್ತದೆ. ಆದರೆ ಆ ಪದ ಬಂದು ಕುಳಿತ ಜಾಗವನ್ನು ಗಮನಿಸಬೇಕು. 'ನೀನು ಏನು ಮಾಡುತ್ತಿದ್ದೀ' ಎಂಬುದನ್ನು ಬೇಸರದಿಂದಲೋ ಬೆರಗಿನಿಂದಲೋ ಕೇಳಲು ಹಳಬರು 'ವಾ ಫ್ಯಾನೆನ್ ಲೇವರ್ ದು' ಎನ್ನುತ್ತಿದ್ದರು. ಅಂದರೆ 'ಏನು' ಎಂಬುದರ ಬೆನ್ನಿಗೇ ಸೈತಾನನನ್ನು ಕೂರಿಸುತ್ತಿದ್ದರು. ಇಂದಿನವರು 'ವಾ ಫಕ್ ಲೇವರ್ ದು' ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಆ ಜಾಗದಲ್ಲಿ ಬೇಕಾಗುವ 'ದಿ' ಎಂಬ ಉಪಪದ ಇಲ್ಲಿ ಬಿದ್ದುಹೋಗಿದೆ, ಏಕೆಂದರೆ ವಾಕ್ಯದ ಅಚ್ಚು ಇಂಗ್ಲಿಷಿನದ್ದಲ್ಲ, ಡ್ಯಾನಿಶ್ ಭಾಷೆಯದ್ದು. ಸೈತಾನ ಎದ್ದು ಹೋದ ಕುರ್ಚಿಯಲ್ಲಿ ಹೊಸಬ ಕುಳಿತಿದ್ದಾನೆ, ಮನೆ ಹಾಗೆಯೇ ಇದೆ. 'ಕೆಟ್ಟುಹೋಗಿದೆ' ಎಂಬರ್ಥದಲ್ಲಿ ಅದೇ ಪದಕ್ಕೆ ಡ್ಯಾನಿಶ್ ಪ್ರತ್ಯಯ ಹಚ್ಚಿ 'ಫಕೆತ್ ಒಪ್' ಎನ್ನುವುದನ್ನೂ ಕೇಳಬಹುದು.

'ಫಕಿಂಗ್' ಎಂಬ ರೂಪ 'ಸ್ಗು' ಇರುವ ಸ್ಥಾನಕ್ಕೂ ನುಗ್ಗಿದೆ ಎಂಬುದು ನಿಜ. 'ನನಗೆ ಅದು ಬೇಕಾಗಿಲ್ಲ' ಎಂಬ ವಾಕ್ಯದಲ್ಲಿ 'ಇಲ್ಲ' ಎಂಬುದರ ಮುಂದೆ ಅದನ್ನು ಇಡುವವರಿದ್ದಾರೆ. ಆದರೆ 'ಸ್ಗು' ಕೊಡುವ ಸಲಿಗೆ, ಒಪ್ಪಿಸುವ ಗುಣ ಅದಕ್ಕಿಲ್ಲ. ಅದು ಹಟವನ್ನೇ ಸೂಚಿಸುತ್ತದೆ. ಹೀಗಾಗಿ ಎರಡೂ ಪದಗಳು ಒಂದೇ ಬಾಯಲ್ಲಿ ಬೇರೆಬೇರೆ ಕೆಲಸಕ್ಕೆ ಉಳಿದುಕೊಂಡಿವೆ.

ಬೈಗುಳಗಳು ಅಲ್ಲಿ ಗಂಭೀರ ಅಧ್ಯಯನದ ವಿಷಯವೂ ಆಗಿವೆ. ಡ್ಯಾನಿಶ್ ಭಾಷಾ ಮಂಡಳಿ 1955ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ; ಅಧಿಕೃತ ಕಾಗುಣಿತ ನಿಘಂಟನ್ನು ಪ್ರಕಟಿಸುವುದು ಅದೇ. ಅಲ್ಲಿ ಸಂಶೋಧಕಿಯಾಗಿದ್ದ ಮರಿಯಾನೆ ರಾತ್ಯೆ ಅವರು ಬೇರೆಬೇರೆ ತಲೆಮಾರುಗಳ ಆಡುಮಾತನ್ನು ಹೋಲಿಸಿ ನೋಡಿದವರು, ಬೈಗುಳಗಳ ಬಗ್ಗೆ ವಿಶೇಷವಾಗಿ ಬರೆದವರು. ಶಿಷ್ಟ ಭಾಷೆಯನ್ನು ಕಾಯುವ ಸಂಸ್ಥೆಯೊಂದು ಬೈಗುಳವನ್ನು ಕಸವೆಂದು ಗುಡಿಸದೆ, ಭಾಷೆಯ ಅಂಗವೆಂದು ಪರಿಶೀಲಿಸಿದ್ದು ನನಗೆ ಬಹಳ ಗೌರವ ಹುಟ್ಟಿಸಿದ ಸಂಗತಿ.

ನಿವೃತ್ತ ಅಧ್ಯಾಪಕ, ತುಮಕೂರು

ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ಆದರೆ ಒಂದು ಆಕ್ಷೇಪವಿದೆ. ಪದದ ಮೂಲ ಏನೇ ಇರಲಿ, ವಾಕ್ಯದಲ್ಲಿ ಅದು ಎಲ್ಲಿಯೇ ಕೂರಲಿ, ಪ್ರತಿ ಎರಡನೆಯ ವಾಕ್ಯಕ್ಕೆ ಒಂದೇ ಒತ್ತುಪದವನ್ನು ಹಚ್ಚುವ ಹುಡುಗನಿಗೆ ಬೇರೆ ಪದಗಳನ್ನು ಹುಡುಕುವ ಅಭ್ಯಾಸ ತಪ್ಪಿಹೋಗುವುದಿಲ್ಲವೇ? ರುಚಿಯಾದ ಊಟ, ಸೋತ ಆಟ, ಸತ್ತ ಅಜ್ಜಿ ಎಲ್ಲಕ್ಕೂ ಒಂದೇ ಉದ್ಗಾರವಾದರೆ, ಭಾವನೆಗಳ ನಡುವಿನ ಸೂಕ್ಷ್ಮವೇ ಅಳಿಸುತ್ತದೆ. ದೇವರ ಹೆಸರನ್ನು ಅಷ್ಟು ಅಗ್ಗ ಮಾಡಿದ ಸಮಾಜ ಅದರಿಂದ ತಾನು ಕಳೆದುಕೊಂಡದ್ದು ಏನೆಂದು ಯೋಚಿಸಿದೆಯೇ ಎಂಬ ಪ್ರಶ್ನೆಯೂ ನನಗಿದೆ. ವಿದ್ವತ್ತು ಎಲ್ಲವನ್ನೂ ವಿವರಿಸುತ್ತದೆ, ಒಪ್ಪಲೇಬೇಕು, ವಿವರಿಸಿದ್ದೆಲ್ಲ ಒಳ್ಳೆಯದಾಗಿಬಿಡುವುದಿಲ್ಲ.

ಓರ್ಹುಸ್ ನಿವಾಸಿ

ಸರ್, ತಾವು ಎತ್ತಿದ ಎರಡನೆಯ ಪ್ರಶ್ನೆಗೆ ಚರಿತ್ರೆಯಲ್ಲಿ ಉತ್ತರವಿದೆ ಎಂದು ನನಗೆ ತೋರುತ್ತದೆ. ಡೆನ್ಮಾರ್ಕ್ 1536ರಲ್ಲಿ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರನ ಪಂಥಕ್ಕೆ ಸೇರಿತು. 1683ರಲ್ಲಿ ಐದನೆಯ ಕ್ರಿಸ್ಟಿಯಾನ್ ದೊರೆ ಹೊರಡಿಸಿದ ಡ್ಯಾನಿಶ್ ಕಾನೂನಿನ ಪ್ರಕಾರ, ದೇವರನ್ನು ನಿಂದಿಸಿದ್ದು ಸಾಬೀತಾದವನ ನಾಲಿಗೆಯನ್ನು ಜೀವಂತವಾಗಿರುವಾಗಲೇ ಕತ್ತರಿಸಿ, ಆಮೇಲೆ ತಲೆ ತೆಗೆದು, ಎರಡನ್ನೂ ಕಂಬದ ಮೇಲೆ ಇಡಬೇಕಾಗಿತ್ತು. ದೈವದ ಹೆಸರಿಗೆ ಅಂಥ ಭಾರವಿದ್ದ ಕಾಲದ ಸಮಾಜದಲ್ಲಿ ಬೆಳೆದ ಆಣೆಗಳು ಇವು. ಭಯವಿದ್ದುದರಿಂದಲೇ ಅವುಗಳಿಗೆ ಬಲವಿತ್ತು. ಮುಂದೆ ಆ ಭಯ ತಗ್ಗುತ್ತ ಬಂತು. ಇಪ್ಪತ್ತನೆಯ ಶತಮಾನದ ದಂಡಸಂಹಿತೆಯಲ್ಲಿ ದೈವನಿಂದೆಯ ಕಲಮು ಉಳಿದಿದ್ದರೂ ಅದರಡಿ ಕೊನೆಯ ಬಾರಿ ಶಿಕ್ಷೆಯಾದದ್ದು 1946ರಲ್ಲಿ, ಮತ್ತು ಆ ಕಲಮನ್ನೇ 2017ರಲ್ಲಿ ತೆಗೆದುಹಾಕಲಾಯಿತು. ಜನಸಂಖ್ಯೆಯ ಹತ್ತರಲ್ಲಿ ಸುಮಾರು ಏಳು ಮಂದಿ ಇಂದಿಗೂ ರಾಷ್ಟ್ರೀಯ ಚರ್ಚಿನ ಸದಸ್ಯರಾಗಿದ್ದರೂ, ಭಾನುವಾರದ ಪ್ರಾರ್ಥನೆಗೆ ಹೋಗುವವರು ಬಹಳ ಕಡಿಮೆ. ಯುವಜನರು ದೇವರ ಹೆಸರನ್ನು ಅಗ್ಗ ಮಾಡಲಿಲ್ಲ, ಸರ್. ಅಗ್ಗವಾಗಿದ್ದ ಹೆಸರು ಅವರ ಕೈಗೆ ಬಂದಿದೆ.

ಹಳಬರು ಸಭ್ಯತೆಗಾಗಿ ಮರೆಮಾತುಗಳನ್ನು ಕಟ್ಟಿಕೊಂಡಿದ್ದರು ಎಂಬುದನ್ನೂ ಹೇಳಬೇಕು. ಸೈತಾನನ ಬದಲು 'ಪೊಕ್ಕರ್', 'ಡೇಲೆನ್' ಎಂಬ ಹೆಸರುಗಳಿವೆ. ಕೈಯಿಂದ ಬಟ್ಟಲು ಜಾರಿದ ಅಜ್ಜಿಯೊಬ್ಬರು ಇಲ್ಲಿ 'ಫಾರ್ ಕ್ಯಾಟೆನ್ ದಾ' ಎಂದು ಬೆಕ್ಕಿನ ಹೆಸರು ಹೇಳಿ ಸುಧಾರಿಸಿಕೊಳ್ಳುತ್ತಾರೆ. 'ಬಾಯಿ ಮುಚ್ಚು' ಎಂಬರ್ಥದ 'ಹೋಲ್ ಕೆಫ್ತ್' ಇಂದು ಯುವಜನರ ಬಾಯಲ್ಲಿ 'ಅಬ್ಬಾ, ಎಷ್ಟು ಚೆನ್ನಾಗಿದೆ' ಎನ್ನುವಲ್ಲಿನ 'ಅಬ್ಬಾ' ಆಗಿದೆ. ಅದನ್ನೂ ತಪ್ಪಿಸಬೇಕೆನ್ನುವವರು ಕೊನೆಯ ಪದ ಬದಲಿಸಿ 'ರಜೆ' ಎಂಬರ್ಥದ 'ಫೇರಿಯೆ' ಎಂದು ಮುಗಿಸುತ್ತಾರೆ. ಭಾಷೆಯಲ್ಲಿ ಇಷ್ಟೊಂದು ಮೆಟ್ಟಿಲುಗಳಿರುವುದು ಮತ್ತು ಮಕ್ಕಳು ಯಾವ ಮೆಟ್ಟಿಲಲ್ಲಿ ಯಾರೊಡನೆ ನಿಲ್ಲಬೇಕೆಂದು ಬಲ್ಲವರಾಗಿರುವುದು, ತಾವು ಹೇಳುವ ಸೂಕ್ಷ್ಮ ಅಳಿದಿಲ್ಲ ಎಂಬುದಕ್ಕೆ ಸಾಕ್ಷಿಯಲ್ಲವೇ?

ಮಂಗಳೂರು ಓದುಗ

'ದೆ ವೆ ಯಾಯ್ ಸ್ಗು ಎಗ' ಎಂಬ ವಾಕ್ಯಕ್ಕೆ ನಮ್ಮ ಕರಾವಳಿಯಲ್ಲಿ 'ನನಗೆ ಗೊತ್ತಿಲ್ಲ ಮಾರಾಯ' ಎನ್ನುತ್ತೇವೆ. ಸಲಿಗೆ, ಪ್ರಾಮಾಣಿಕತೆ, ತುಸು ಅಸಹಾಯಕತೆ ಮೂರನ್ನೂ 'ಮಾರಾಯ' ಹೊರುತ್ತದೆ. ಅದನ್ನು ಜಿಲ್ಲಾಧಿಕಾರಿಯ ಮುಂದೆ ಯಾರೂ ಹೇಳುವುದಿಲ್ಲ. ಡೆನ್ಮಾರ್ಕಿನಲ್ಲಿ ದೊಡ್ಡವರ ಮುಂದೆ 'ಸ್ಗು' ಹೇಳಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕು.

ಅಮಾಗರ್ ನಿವಾಸಿ, ಕೋಪನ್‌ಹೇಗನ್

ಮಂಗಳೂರಿನವರ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ಇಲ್ಲಿ 1970ರ ದಶಕದ ಹೊತ್ತಿಗೆ ಬಹುವಚನದ ಗೌರವ ಸಂಬೋಧನೆ ದಿನಬಳಕೆಯಿಂದ ಹೆಚ್ಚುಕಡಿಮೆ ಮರೆಯಾಯಿತು. ಮಕ್ಕಳು ಶಿಕ್ಷಕರನ್ನು ಹೆಸರು ಹಿಡಿದು, ಏಕವಚನದಲ್ಲಿಯೇ ಕರೆಯುತ್ತಾರೆ. ಆದ್ದರಿಂದ ಗೌರವವನ್ನು ತೋರಿಸುವ ಭಾರ ಸರ್ವನಾಮದ ಮೇಲಿಂದ ಇಳಿದು ಧ್ವನಿ, ಪದಗಳ ಆಯ್ಕೆ ಮತ್ತು ಎಲ್ಲಿ ಬೈಗುಳವನ್ನು ತಡೆಹಿಡಿಯುತ್ತೇವೆ ಎಂಬುದರ ಮೇಲೆ ಬಿದ್ದಿದೆ. ಸಹೋದ್ಯೋಗಿಗಳ ನಡುವೆ, ಮೇಲಧಿಕಾರಿಯೊಡನೆ ಕೂಡ 'ಸ್ಗು' ನಡೆಯುತ್ತದೆ. ಕೆಲಸದ ಸಂದರ್ಶನದಲ್ಲಿ ಎಚ್ಚರ ವಹಿಸುತ್ತಾರೆ.

ಈಗ ನಾನು ಮುಖ್ಯವೆಂದುಕೊಂಡ ವಿಷಯಕ್ಕೆ ಬರುತ್ತೇನೆ. ನೀವೆಲ್ಲ ಇದುವರೆಗೆ ಬರೆದ ಡ್ಯಾನಿಶ್ ಯುವಕ ಹೊಂಬಣ್ಣದ ಕೂದಲಿನವನು ಎಂದೇ ಓದುವವರು ಊಹಿಸಿಕೊಳ್ಳುತ್ತಾರೆ. ನಾನಿರುವ ಅಮಾಗರ್ ದ್ವೀಪದ ಶಾಲೆಗಳಲ್ಲಿ ತುರ್ಕಿ, ಅರಬ್, ಸೊಮಾಲಿ, ಪಾಕಿಸ್ತಾನಿ ಮೂಲದ ಮನೆಗಳ ಮಕ್ಕಳು ಡ್ಯಾನಿಶ್ ಮಕ್ಕಳೊಡನೆ ಕೂಡಿ ಬೆಳೆಯುತ್ತಾರೆ. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಯೆನ್ಸ್ ನಾರ್ಮನ್ ಯೋರ್ಗನ್‌ಸೆನ್ ಮತ್ತು ಅವರ ಸಂಗಡಿಗರು ಇಲ್ಲಿನ ಶಾಲಾಮಕ್ಕಳ ಮಾತನ್ನು ದೀರ್ಘಕಾಲ ಗಮನಿಸಿ ದಾಖಲಿಸಿದರು. ಅದಕ್ಕೂ ಮೊದಲು 2000ದಲ್ಲಿಯೇ ಪಿಯಾ ಕ್ವಿಸ್ಟ್ ಅವರು ಈ ಬಗೆಯ ಮಾತನ್ನು ಕೋಪನ್‌ಹೇಗನ್ನಿನ ಬಹುಜನಾಂಗೀಯ ನುಡಿಬಗೆ ಎಂದು ಗುರುತಿಸಿ ಬರೆದಿದ್ದರು. ಅಮಾಗರ್‌ನ ಮಕ್ಕಳು ತಮ್ಮ ಮಾತಿಗೆ ತಾವೇ ಹೆಸರುಗಳನ್ನು ಇಟ್ಟುಕೊಂಡಿದ್ದರು. ಗೆಳೆಯರ ನಡುವಿನದು 'ಬೀದಿಮಾತು'. ಶಿಕ್ಷಕರೊಡನೆ, ಹಿರಿಯರೊಡನೆ ಆಡುವುದು 'ಹೊಂದಿಕೊಂಡ ಮಾತು'. ಎರಡನೆಯದರಲ್ಲಿ ಬೈಗುಳ ಇರಬಾರದು ಎಂಬುದನ್ನು ಯಾರೂ ಹೇಳಿಕೊಡದೆಯೇ ಅವರು ಸ್ಪಷ್ಟವಾಗಿ ವಿವರಿಸುತ್ತಿದ್ದರು.

ಬೀದಿಮಾತಿನಲ್ಲಿ ಅತಿ ಹೆಚ್ಚು ಕೇಳುವ ಒತ್ತುಪದ 'ವಲ್ಲಾ'. ಅದು ಅರಬ್ಬಿಯಿಂದ ಬಂದ 'ದೇವರಾಣೆ'. ಅದರ ಜೊತೆಗೆ ಡ್ಯಾನಿಶ್‌ನಲ್ಲಿಯೇ 'ನಾನು ಪ್ರಮಾಣ ಮಾಡುತ್ತೇನೆ' ಎಂಬ ಮಾತೂ, 'ಕುರಾನ್' ಎಂಬ ಒಂದೇ ಪದದ ಆಣೆಯೂ ಇವೆ. ಮುಸ್ಲಿಮರಲ್ಲದ ಹುಡುಗರೂ ಇವುಗಳನ್ನು ಧಾರಾಳವಾಗಿ ಬಳಸುತ್ತಾರೆ. ಇದನ್ನು ಕೇಳಿ ಭಾಷೆ ಹಾಳಾಯಿತು, ಪರಕೀಯವಾಯಿತು ಎಂದು ನೊಂದುಕೊಳ್ಳುವ ಹಿರಿಯ ಡ್ಯಾನಿಶರನ್ನು ನಾನು ಬಲ್ಲೆ. ಅವರು ಆ ನೋವನ್ನು ತೋಡಿಕೊಳ್ಳುವ ವಾಕ್ಯದಲ್ಲಿಯೇ 'ಸ್ಗು' ಇರುತ್ತದೆ. 'ಸ್ಗು' ಎಂದರೂ ದೇವರಾಣೆ, 'ವಲ್ಲಾ' ಎಂದರೂ ದೇವರಾಣೆ. ಒಂದು ಲೂಥರನ ಪ್ರಾರ್ಥನೆಯ ನೆರಳಿನಲ್ಲಿ ಸವೆದು ನಯವಾಗಿದೆ, ಇನ್ನೊಂದು ಈಗ ಸವೆಯುತ್ತಿದೆ. ಮೊದಲನೆಯದನ್ನು ನಮ್ಮದೆಂದು ಮುದ್ದಿಸಿ, ಎರಡನೆಯದನ್ನು ಅಸಭ್ಯವೆಂದು ದೂರುವುದಕ್ಕೆ ಭಾಷೆಯಲ್ಲಿ ಯಾವ ಆಧಾರವೂ ಇಲ್ಲ. ಕಾರಣ ಇರುವುದು ಮಾತನಾಡುವವನ ಮುಖದಲ್ಲಿ, ಮತ್ತು ಇದನ್ನು ಸಂಕೋಚವಿಲ್ಲದೆ ಹೇಳಬೇಕು.

ಅಮ್ಮನ ಮೇಲೆ ಆಣೆ ಇಡುವುದೂ ಈ ಹುಡುಗರಲ್ಲಿ ಇದೆ. ನಮ್ಮ ಮನೆಗೆ ಬರುವ ಸೊಮಾಲಿ ಮೂಲದ ಹುಡುಗನೊಬ್ಬ ಆಟದಲ್ಲಿ ಮೋಸ ಮಾಡಿಲ್ಲವೆಂದು ಹೀಗೆಯೇ ಆಣೆ ಇಟ್ಟಾಗ, ಊರಿನಿಂದ ಬಂದಿದ್ದ ನನ್ನ ಅತ್ತೆಯವರಿಗೆ ನಾನು ಭಾಷಾಂತರ ಮಾಡಿ ಹೇಳಿದೆ. 'ಅಮ್ಮನಾಣೆ ಇಟ್ಟಮೇಲೆ ನಂಬಬೇಕಪ್ಪ' ಎಂದು ಅವರು ಅವನ ಪರವಾಗಿ ನಿಂತರು.

ಭಾಷಾವಿಜ್ಞಾನದ ವಿದ್ಯಾರ್ಥಿನಿ

ಅಮಾಗರ್ ಅವರ 'ಸ್ಗು' ಮತ್ತು 'ವಲ್ಲಾ' ಹೋಲಿಕೆ ಈ ಚರ್ಚೆಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿತು. ಅದರ ಬೆನ್ನಿಗೆ ಒಂದು ಮಾತು: ದೇವರು, ಸೈತಾನರ ಮೇಲಿನ ನಿಷೇಧ ಸಡಿಲವಾದ ಮಾತ್ರಕ್ಕೆ ಡ್ಯಾನಿಶ್ ಸಮಾಜದಲ್ಲಿ ನಿಷಿದ್ಧ ಪದಗಳೇ ಇಲ್ಲ ಎಂದು ಯಾರೂ ಭಾವಿಸಬಾರದು. ನಿಷೇಧ ಬೇರೆ ಕಡೆಗೆ ಸರಿದಿದೆ.

ಒಂದು, ರೋಗ. 'ಕ್ರಾಫ್ತೆಮೆ' ಎಂಬ ಆಣೆಯ ಮೂಲಾರ್ಥ 'ಕ್ಯಾನ್ಸರ್ ನನ್ನನ್ನು ತಿನ್ನಲಿ'. ರಚನೆಯಲ್ಲಿ ಅದು 'ಫ್ಯಾನಮೆ'ಯ ತಂಗಿ, ಆದರೆ ಕಿವಿಗೆ ಅದಕ್ಕಿಂತ ಕಟುವಾಗಿ ಬೀಳುತ್ತದೆ. ಸೈತಾನನನ್ನು ನಂಬದ ಮನೆಯಲ್ಲಿಯೂ ಕ್ಯಾನ್ಸರಿನಿಂದ ಯಾರೋ ತೀರಿಕೊಂಡಿರುತ್ತಾರೆ. ಎರಡು, ಜನವರ್ಗಗಳ ಮೇಲಿನ ನಿಂದೆ. ವಲಸಿಗರನ್ನು, ಸಲಿಂಗಿಗಳನ್ನು, ಬುದ್ಧಿಮಾಂದ್ಯರನ್ನು ಹೀಯಾಳಿಸುವ ಪದಗಳು ಇಂದಿನ ಡೆನ್ಮಾರ್ಕಿನಲ್ಲಿ 'ಫಕ್'ಗಿಂತ ಎಷ್ಟೋ ಪಾಲು ಭಾರವಾದವು. ವಲಸಿಗರಿಗೆ ಬಳಸುವ ಒಂದು ಹಳೆಯ ನಿಂದೆಯ ಪದವನ್ನು ಅಮಾಗರ್‌ನಂಥ ಕಡೆ ಹುಡುಗರು ತಮ್ಮತಮ್ಮಲ್ಲಿ ಸಲಿಗೆಯಿಂದ ಬಳಸಿಕೊಳ್ಳುತ್ತಾರೆ; ಅದೇ ಪದವನ್ನು ಹೊರಗಿನವನು ಬಳಸಿದರೆ ಅಲ್ಲಿಗೆ ಸ್ನೇಹ ಮುಗಿಯುತ್ತದೆ.

ಅಧ್ಯಾಪಕರು ಎತ್ತಿದ ಮೊದಲ ಆಕ್ಷೇಪ, ಅಂದರೆ ಒಂದೇ ಉದ್ಗಾರದಿಂದ ಭಾಷೆ ಬಡವಾಗುತ್ತದೆ ಎಂಬುದು, ನನಗೆ ಪೂರ್ತಿ ತಳ್ಳಿಹಾಕಲು ಆಗದ ಮಾತು. ಒತ್ತುಪದ ಹೆಚ್ಚು ಬಳಸಿದಷ್ಟೂ ಸಪ್ಪೆಯಾಗುತ್ತದೆ, ಸಪ್ಪೆಯಾದಷ್ಟೂ ಹೊಸದು ಬೇಕಾಗುತ್ತದೆ. ಡ್ಯಾನಿಶ್ ಯುವಜನರು ಹೊಲಸಿನ ಪದಗಳನ್ನು ವಿಶೇಷಣಗಳ ಮುಂದೆ ಅಂಟಿಸಿ 'ಸ್ಕೀದೆ', 'ಪಿಸೆ', 'ರೌ' ಎಂದು ಸಾಲು ಸಾಲಾಗಿ ಪೂರ್ವಪದಗಳನ್ನು ಮಾಡಿಕೊಂಡಿರುವುದು ಈ ಸಪ್ಪೆತನದ ವಿರುದ್ಧವೇ. ಮೂರರ ಮೂಲವೂ ಶೌಚಕ್ಕೆ ಮತ್ತು ದೇಹದ ಹಿಂಭಾಗಕ್ಕೆ ಸೇರಿದ್ದು. ಆದರೂ 'ಸ್ಕೀದೆಗೋದ್' ಎಂದರೆ 'ತುಂಬಾ ಒಳ್ಳೆಯದು', 'ರೌಸೂ' ಎಂದರೆ 'ವಿಪರೀತ ಬೇಸರದ್ದು'. ಯಾವುದು ಯಾವುದಕ್ಕೆ ಅಂಟುತ್ತದೆ ಎಂಬುದಕ್ಕೆ ಅಲಿಖಿತ ರೂಢಿಯಿದೆ, ತಪ್ಪಾಗಿ ಅಂಟಿಸಿದ ಪರದೇಶಿಯನ್ನು ಮಕ್ಕಳು ಕೂಡಲೇ ಗುರುತಿಸುತ್ತಾರೆ.

ನಿವೃತ್ತ ಅಧ್ಯಾಪಕ, ತುಮಕೂರು

ಆಣೆ ಮತ್ತು ನಿಂದನೆಯನ್ನು ಬೇರೆ ಮಾಡಿ ನೋಡಬೇಕೆಂಬುದನ್ನು ಒಪ್ಪಿದೆ. ಬೀದಿಮಾತು, ಹೊಂದಿಕೊಂಡ ಮಾತು ಎಂದು ಮಕ್ಕಳೇ ವಿಂಗಡಿಸಿಕೊಂಡದ್ದನ್ನು ಓದಿ ಸಂತೋಷವಾಯಿತು. ಸಂದರ್ಭ ಅರಿತು ಮಾತನಾಡುವುದನ್ನೇ ನಾವು ತರಗತಿಯಲ್ಲಿ ಕಲಿಸಲು ಹೆಣಗುತ್ತಿದ್ದೆವು. ಆದರೂ ಒಂದೇ ಪದದ ಮಿತಿಮೀರಿದ ಬಳಕೆಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ.

ಓದೆನ್ಸೆಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗ ಇಲ್ಲಿ ಆರನೆಯ ತರಗತಿಯಲ್ಲಿದ್ದಾನೆ. ಡ್ಯಾನಿಶ್ ಮಾತನಾಡುವಾಗ 'ಸ್ಗು', 'ಫಕ್' ಎರಡೂ ಅವನ ಬಾಯಲ್ಲಿ ಬರುತ್ತವೆ, ಕನ್ನಡದಲ್ಲಿ ಎಂದೂ ಕೆಟ್ಟ ಮಾತಾಡಿದವನಲ್ಲ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅವನ ಇಂಗ್ಲಿಷ್ ಮಾತಿನ ನಡುವೆಯೂ 'ಫಕಿಂಗ್' ಬಂದು, ಬೆಂಗಳೂರಿನ ಸಂಬಂಧಿಕರೆದುರು ನಮಗೆ ಬಹಳ ಮುಜುಗರವಾಯಿತು. ಅವನಿಗೆ ಮಾತ್ರ ತಾನು ಮಾಡಿದ ತಪ್ಪೇನೆಂದೇ ಹೊಳೆಯಲಿಲ್ಲ. ಮನೆಯಲ್ಲಿ ಪೂರ್ತಿ ನಿಷೇಧಿಸಬೇಕೇ?

ಅಮಾಗರ್ ನಿವಾಸಿ, ಕೋಪನ್‌ಹೇಗನ್

ಅಕ್ಕಾ, ಪೂರ್ತಿ ನಿಷೇಧಿಸಿದರೆ ಅವನು ನಿಮ್ಮ ಮುಂದೆ ಡ್ಯಾನಿಶ್ ಮಾತನಾಡುವುದನ್ನೇ ಕಡಿಮೆ ಮಾಡಬಹುದು, ಎಚ್ಚರ. ಅವನಿಗೆ ತಿಳಿಯಬೇಕಾದದ್ದು ಒಂದೇ ಪದಕ್ಕೆ ಎರಡು ಭಾಷೆಗಳಲ್ಲಿ ಎರಡು ತೂಕವಿದೆ ಎಂಬುದು. ಡ್ಯಾನಿಶ್ ಮಾತಿನೊಳಗಿನ 'ಫಕ್'ಗೆ ಲೈಂಗಿಕ ಅರ್ಥದ ಕಾವು ಬಹುತೇಕ ಇಲ್ಲ. ಇಲ್ಲಿನ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್ ಕಲಿಯುವ ಮೊದಲೇ, ಅರ್ಥ ಅರಿಯದೆ, ಉದ್ಗಾರವೆಂದು ಅದನ್ನು ಕಲಿತಿರುತ್ತಾರೆ. ಅದೇ ಪದವನ್ನು ಇಂಗ್ಲಿಷ್ ವಾಕ್ಯದಲ್ಲಿ ಹೇಳಿದಾಗ ಬೆಂಗಳೂರಿನ ಕಿವಿಗೆ ಅದು ಪೂರ್ತಿ ಕಾವಿನೊಂದಿಗೇ ತಟ್ಟುತ್ತದೆ. ಆರನೆಯ ತರಗತಿಯ ಹುಡುಗನಿಗೆ ಇಷ್ಟನ್ನು ನೇರವಾಗಿ ವಿವರಿಸಿದರೆ ಖಂಡಿತ ಅರ್ಥವಾಗುತ್ತದೆ. 'ಸ್ಗು' ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಅವನು ತರಗತಿಯ ಮತ್ತೊಬ್ಬ ಮಗುವಿನ ಬಣ್ಣವನ್ನೋ ಮಂದಬುದ್ಧಿಯನ್ನೋ ಹಿಡಿದು ಆಡಿದನೆಂದು ತಿಳಿದುಬಂದರೆ, ಅಂದು ಮಾತ್ರ ಕೂರಿಸಿಕೊಂಡು ಗಟ್ಟಿಯಾಗಿ ಹೇಳಿ; ಶಾಲೆಯವರೂ ಆಗ ನಿಮ್ಮ ಜೊತೆಗಿರುತ್ತಾರೆ.

ಓದೆನ್ಸೆಯ ತಾಯಿ

ಧನ್ಯವಾದಗಳು. ಮುಂದಿನ ಬಾರಿ ಊರಿಗೆ ಹೊರಡುವ ಮೊದಲು ಅವನನ್ನು ಕೂರಿಸಿಕೊಂಡು ಇದನ್ನು ಹೇಳುತ್ತೇನೆ. ಇಂಗ್ಲಿಷಿನಲ್ಲಿ ಆ ಪದದ ಬದಲು ಏನನ್ನಬೇಕೆಂದು ಅವನು ಕೇಳಿದರೆ ಕೊಡಲು ಒಂದು ಪದವನ್ನೂ ಹುಡುಕಿಕೊಳ್ಳಬೇಕಾಗಿದೆ.